ಒಲಿಂಪಿಯಾದ ಹರ್ಮಿಸ್ ಮಾದರಿ: ಮೂರ್ತಿ ಎಡಕ್ಕೆ ಬೀಳುವ ಹಾಗೆ ಕಾಣುತ್ತಿದೆ, ಕಣಕಾಲಲ್ಲಿ ಬಿರುಕು

ಮಣ್ಣುಮುದ್ದೆ:
ನಮಸ್ಕಾರ. ಹಳೆಯ ಗ್ರೀಕ್ ಶಿಲ್ಪಿ ಪ್ರಾಕ್ಸಿಟಿಲೀಸನದು ಎನ್ನುವ, ಹರ್ಮಿಸ್ ದೇವರ ಅಮೃತಶಿಲೆಯ ಮೂರ್ತಿಯನ್ನು ನೋಡಿಕೊಂಡು ಜೇಡಿಮಣ್ಣಲ್ಲಿ ನಾಲ್ಕರಲ್ಲೊಂದು ಅಳತೆಗೆ ಮಾಡುತ್ತಿದ್ದೇನೆ. ಎತ್ತರ 52 ಸೆಂ.ಮೀ. ಒಳಗೆ 6 ಮಿ.ಮೀ. ಅಲ್ಯೂಮಿನಿಯಂ ತಂತಿ, ಎರಡೂ ಕಾಲಿನೊಳಗಿಂದ ಹಲಗೆಗೆ ಇಳಿದಿದೆ. ಭಾರ ಬಲಗಾಲಿನ ಮೇಲೆ. ಎಡಗಡೆಯ ಮರದ ಬೊಡ್ಡೆ ಬಿಟ್ಟಿದ್ದೇನೆ, ಅದು ಕಲ್ಲಿಗೆ ಮಾತ್ರ ಬೇಕಾದ ಆಸರೆ ಅಂದುಕೊಂಡು.

ಈಗ ಮೂರು ತೊಂದರೆ. ಮುಂದಿನಿಂದ ನೋಡಿದರೆ ಮೂರ್ತಿ ತನ್ನ ಎಡಕ್ಕೆ ಬೀಳುವ ಹಾಗಿದೆ. ಗಂಟಲಗುಳಿಯಿಂದ ತೂಗುಗುಂಡು ಬಿಟ್ಟರೆ ಬಲಹಿಮ್ಮಡಿಯಿಂದ 4 ಸೆಂ.ಮೀ. ಎಡಕ್ಕೆ ಬೀಳುತ್ತದೆ. ಸರಿಮಾಡಲು ಸೊಂಟವನ್ನು ಇನ್ನಷ್ಟು ಬಲಕ್ಕೆ ತಳ್ಳಿದೆ, ಇನ್ನೂ ಕೆಟ್ಟಿತು. ಬಲ ಕಣಕಾಲಿನ ಸುತ್ತ ಉಂಗುರದಂತೆ ಬಿರುಕು. ಮುಖವಂತೂ ಮುಖವಾಡ.

ಚಾಣ:
ಬೊಡ್ಡೆ ತೆಗೆದದ್ದೇ ಮೊದಲ ತಪ್ಪು. ನೀವು ಎರಡು ಬೇರೆ ಬೇರೆ ಬೊಡ್ಡೆಗಳನ್ನು ಒಂದೇ ಅಂದುಕೊಂಡಿದ್ದೀರಿ.

ಗ್ರೀಕ್ ಶಿಲ್ಪಿ ಲಿಸಿಪ್ಪಸನ ಅಪೊಕ್ಸಿಯೊಮಿನಸ್, ಅಂದರೆ ಮೈ ಕೆರೆದು ಶುಚಿ ಮಾಡಿಕೊಳ್ಳುವ ಆಟಗಾರನ ಮೂರ್ತಿ, ಮೂಲದಲ್ಲಿ ಕಂಚು. ವ್ಯಾಟಿಕನ್ನಿನಲ್ಲಿರುವುದು, 1849ರಲ್ಲಿ ರೋಮಿನ ಟ್ರಾಸ್ಟೆವೆರೆಯಲ್ಲಿ ಸಿಕ್ಕಿದ ಅಮೃತಶಿಲೆಯ ನಕಲು. ಅದರ ಕಾಲಿಗೆ ಅಂಟಿದ ಬೊಡ್ಡೆ ನಕಲು ಮಾಡಿದವರ ಆಸರೆ. ಅದನ್ನು ತೆಗೆದರೂ ಭಂಗಿ ನಿಲ್ಲುತ್ತದೆ. ಹರ್ಮಿಸ್‌ನದು ಹಾಗಲ್ಲ. ಎಡ ಮುಂಗೈ ಬೊಡ್ಡೆಯ ಮೇಲೆ ಊರಿದೆ, ಮೈಯ ಭಾರದ ಒಂದು ಪಾಲು ಅಲ್ಲಿಂದಲೇ ನೆಲಕ್ಕಿಳಿಯುತ್ತದೆ. ಬಲಸೊಂಟ ಅಷ್ಟು ಹೊರಗೆ ಹೋಗಲು ಸಾಧ್ಯವಾದದ್ದೇ ಇದರಿಂದ. ಪ್ರಾಕ್ಸಿಟಿಲೀಸನದೇ ಇನ್ನೊಂದು ಮೂರ್ತಿ, ಹಲ್ಲಿ ಕೊಲ್ಲುವ ಅಪೊಲೊ, ಅಂದರೆ ಸೌರೊಕ್ಟೊನಸ್, ಅದರಲ್ಲೂ ಇದೇ ಉಪಾಯ. ಮರ ಇರುವುದು ಭಾರ ಹೊತ್ತ ಕಾಲಿನ ಕಡೆಯಲ್ಲ, ಸಡಿಲ ಬಿಟ್ಟ ಕಾಲಿನ ಕಡೆ. ಇದನ್ನು ಗಮನಿಸಿ.

ಹಾಗಾಗಿ ನಿಮ್ಮ 4 ಸೆಂ.ಮೀ. ತಪ್ಪು ಲೆಕ್ಕ ಅಲ್ಲ, ಆಸರೆಯಿಲ್ಲದ ಒರಗು. ಸೊಂಟ ಬಲಕ್ಕೆ ತಳ್ಳಿದಷ್ಟೂ ಮುಂಡ ಎಡಕ್ಕೆ ಓರೆಯಾಗುತ್ತದೆ, ಕೆಟ್ಟದ್ದು ಅದಕ್ಕೇ. ಎರಡರಲ್ಲಿ ಒಂದು ಮಾಡಿ: ಬೊಡ್ಡೆಯನ್ನು ವಾಪಸ್ ಇಡಿ, ಇಲ್ಲವೇ ಗುಂಡು ಬಲ ಕಣಕಾಲಿನ ಒಳಬದಿಯ ಮೇಲೆ ಬೀಳುವವರೆಗೆ ಮುಂಡವನ್ನು ಸರಿಸಿ, ಸೊಂಟದ ಓರೆ ತಗ್ಗಿಸಿ, ಬಲಭುಜ ಇಳಿಸಿ. ಆದರೆ ಬಲಗೈ ಮೇಲೆತ್ತಿದ್ದರೆ ಆ ಭುಜ ಇಳಿಯುವುದಿಲ್ಲ. ಕೈಯನ್ನೂ ಇಳಿಸಬೇಕು, ಆಗ ಅದು ಇನ್ನೂ ಹಿಂದಿನ ಗ್ರೀಕ್ ಶಿಲ್ಪಿ ಪಾಲಿಕ್ಲೀಟಸ್‌ನ ಭಂಗಿಯ ಕಡೆ ಹೋಗುತ್ತದೆ, ಹರ್ಮಿಸ್ ಆಗಿ ಉಳಿಯುವುದಿಲ್ಲ.

ತಾಳಮಾನ:
ಒಂದು ಸೇರಿಸುತ್ತೇನೆ. ನಮ್ಮಲ್ಲಿ ತ್ರಿಭಂಗ, ಅಂದರೆ ಮೈ ಮೂರು ಕಡೆ ಬಳುಕುವ ಭಂಗಿ, ಅಭ್ಯಾಸ ಮಾಡಿದವರು ಇಲ್ಲಿ ಎಡವುತ್ತಾರೆ. ತ್ರಿಭಂಗದಲ್ಲಿ ಬ್ರಹ್ಮಸೂತ್ರದಿಂದ (ಮೂರ್ತಿಯ ನಡುವಿನ ನೆಟ್ಟಗಿನ ಗೆರೆ) ತಲೆ, ಸೊಂಟ ಎಷ್ಟು ಅತ್ತಿತ್ತ ಹೋಗಬೇಕು ಅನ್ನುವುದನ್ನು ಅಳೆದು ಇಡುತ್ತೇವೆ, ಬಳುಕೇ ಮುಖ್ಯ. ಗ್ರೀಕರಲ್ಲಿ ಬಳುಕು ಮೂಳೆಯ ಮೇಲಿನ ಭಾರದಿಂದ ಬರಬೇಕು. ಪರೀಕ್ಷೆ ಸುಲಭ: ಬಲಪಕ್ಕೆಲುಬಿನ ಕೆಳಗಿಂದ ಸೊಂಟದ ಮೂಳೆಯವರೆಗಿನ ಅಂತರ ಎಡಕ್ಕಿಂತ ಕಡಿಮೆ ಇರಬೇಕು, ಅಲ್ಲಿ ಮಾಂಸ ಒತ್ತಿ ಉಬ್ಬಿರಬೇಕು. ಎಡಗಡೆ ಎಳೆದು ಸಪಾಟಾಗಿರಬೇಕು. ಎರಡೂ ಕಡೆ ಒಂದೇ ಥರ ಇದ್ದರೆ ಸೊಂಟ ಪಕ್ಕಕ್ಕೆ ಸರಿದಿದೆ ಅಷ್ಟೇ, ಓರೆಯಾಗಿಲ್ಲ. ಎಡಮೊಣಕಾಲು ಬಲದ್ದಕ್ಕಿಂತ ತುಸು ಕೆಳಗೆ, ಮುಂದಕ್ಕೆ ಇದೆಯಾ ಅದನ್ನೂ ನೋಡಿ.

ತಲೆಯ ಅಳತೆಯನ್ನು ನೆಟ್ಟಗಿನ ಎತ್ತರದಿಂದ ಭಾಗಿಸಬೇಡಿ. ಒರಗಿದ ಮೈ ಗಿಡ್ಡವಾಗಿರುತ್ತದೆ, ತಲೆ ಚಿಕ್ಕದಾಗಿಬಿಡುತ್ತದೆ. ಕಾಲು, ಮುಂಡ, ಕತ್ತು ಬೇರೆ ಬೇರೆ ಅಳೆದು ಕೂಡಿಸಿ. ಎಂಟರಲ್ಲೊಂದು ಪಾಲು ಲಿಸಿಪ್ಪಸನ ತೆಳ್ಳನೆ ಮೈಗೆ, ಅದನ್ನು ಇಲ್ಲಿ ತರಬೇಡಿ.

ಚಾಣ:
ಬಿರುಕಿನ ಬಗ್ಗೆ. ಮಣ್ಣು ಒಣಗುವಾಗ ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ. ಅತಿ ತೆಳುವಾದ ಜಾಗ ಕಣಕಾಲು, ಅಲ್ಲೇ ಸೀಳುತ್ತದೆ. ಅದರ ಜೊತೆಗೆ 6 ಮಿ.ಮೀ. ಅಲ್ಯೂಮಿನಿಯಂ ಈ ಭಾರಕ್ಕೆ ಬಾಗುತ್ತದೆ. ಕಾಲಿನ ಮೇಲೆ ಭಾರ ಹಾಕಲೇಬೇಡಿ: 18 ಮಿ.ಮೀ. ಪ್ಲೈವುಡ್ ಮೇಲೆ ಫ್ಲ್ಯಾಂಜ್ ಕೂರಿಸಿ, ಅರ್ಧ ಇಂಚಿನ ಜಿ.ಐ. ಪೈಪನ್ನು ಮೂರ್ತಿಯ ಹಿಂದೆ ನಿಲ್ಲಿಸಿ, ಎಲ್ಬೋ ಹಾಕಿ ಬೆನ್ನಿನ ಕೆಳಭಾಗದಿಂದ ಒಳಕ್ಕೆ ತನ್ನಿ. ಕಾಲಿಗೆ ತಂತಿ ಆಕಾರಕ್ಕೆ ಮಾತ್ರ. ಒದ್ದೆಬಟ್ಟೆ, ಮೇಲೆ ಪ್ಲಾಸ್ಟಿಕ್ ಸುತ್ತಿ ಒಣಗದಂತೆ ಇಟ್ಟು ಪ್ಲಾಸ್ಟರ್ ಅಚ್ಚು ತೆಗೆಯಿರಿ. ತಂತಿ ಒಳಗಿಟ್ಟು ಸುಡುವ ಯೋಚನೆ ಬೇಡ.

ಮುಖ: ಕೆಳರೆಪ್ಪೆಗೆ ಗೆರೆ ಕೊರೆದಿರುತ್ತೀರಿ, ಹೌದಲ್ಲ? ಮೇಲ್ರೆಪ್ಪೆಯ ಅಂಚು ಉಳಿಸಿ. ಕೆಳರೆಪ್ಪೆಯನ್ನು ಒದ್ದೆ ಬ್ರಷ್‌ನಿಂದ ಕೆನ್ನೆಗೆ ಕರಗಿಸಿ. ನಿಮ್ಮ ಅಳತೆಯಲ್ಲಿ ಕಣ್ಣೇ 8–9 ಮಿ.ಮೀ. ಇರುತ್ತದೆ, ಅರ್ಧ ಮಿ.ಮೀ. ಗೆರೆಯೂ ಎದ್ದು ಕಾಣುತ್ತದೆ. ಕಣ್ಣನ್ನು ಆಳಕ್ಕೆ ತಳ್ಳಿ ಹುಬ್ಬಿನ ಹೊರತುದಿಯಲ್ಲಿ ಮಾಂಸ ಇಳಿಬಿಟ್ಟರೆ ಅದು ಇನ್ನೊಬ್ಬ ಗ್ರೀಕ್ ಶಿಲ್ಪಿ ಸ್ಕೋಪಸ್‌ನ ಶೈಲಿ, ಗ್ರೀಸಿನ ಟೆಜಿಯಾದಲ್ಲಿ ಸಿಕ್ಕಿದ ತಲೆಗಳ ಉರಿನೋಟ. ಕೂದಲನ್ನು ನಯ ಮಾಡಬೇಡಿ. ಹರ್ಮಿಸ್‌ನ ಮೈ ಮಿರುಗುವಷ್ಟು ನಯ, ಕೂದಲು ಒರಟು ಗಂಟುಗಂಟು. ಆ ಒರಟಿನ ಪಕ್ಕದಲ್ಲೇ ಹಣೆ ಮೆತ್ತಗೆ ಕಾಣುವುದು.

ಮಣ್ಣುಮುದ್ದೆ:
ಬೊಡ್ಡೆ ಮತ್ತು ಪೈಪ್ ಹಾಕಿದೆ. ಗುಂಡು ಈಗಲೂ 3.5 ಸೆಂ.ಮೀ. ಆಚೆಯೇ ಬೀಳುತ್ತದೆ, ಆದರೆ ಬೀಳುವ ಹಾಗೆ ಕಾಣುತ್ತಿಲ್ಲ! ಎಡಸೊಂಟದಿಂದ ಬೊಡ್ಡೆಗೆ ಹೋಗುವ ಅಡ್ಡತುಂಡು ಮೂಲದಲ್ಲಿ ಇದೆಯಲ್ಲ, ಅದು ಬೇಕಾ?

ತಾಳಮಾನ:
ಮಣ್ಣಿಗೆ ಬೇಡ. ಅಮೃತಶಿಲೆ ಒತ್ತುವ ಭಾರ ತಡೆಯುತ್ತದೆ, ಎಳೆತಕ್ಕೆ ಬಾಗುವುದಕ್ಕೆ ಬೇಗ ಮುರಿಯುತ್ತದೆ. ಅದಕ್ಕೆ ಆ ತುಂಡು. 1877ರಲ್ಲಿ ಹೀರಾ ಗುಡಿಯಲ್ಲಿ ಸಿಕ್ಕಿದಾಗಿನಿಂದ ಇದು ಪ್ರಾಕ್ಸಿಟಿಲೀಸನದೇ ಕೆಲಸವೋ ಆಮೇಲಿನದೋ ಎಂಬ ಜಗಳದಲ್ಲಿ ಈ ತುಂಡೂ, ಬೆನ್ನಿನ ಮೇಲೆ ಹಾಗೇ ಬಿಟ್ಟ ಉಳಿಗುರುತೂ ಸಾಕ್ಷಿಗೆ ಬರುತ್ತವೆ. ಪ್ಲಾಸ್ಟರ್ ಎರಕಕ್ಕೆ ಮಾತ್ರ 8 ಮಿ.ಮೀ. ದಪ್ಪದ ತುಂಡು ಇಡಿ. ಅಚ್ಚು ಒಡೆದು ತೆಗೆಯುವಾಗ ಎಡಗಾಲು ಉಳಿಯುತ್ತದೆ. ಎರಕ ಗಟ್ಟಿಯಾದ ಮೇಲೆ ಗರಗಸದಿಂದ ಕತ್ತರಿಸಿ ಅರದಿಂದ ಉಜ್ಜಿ.