ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯ ತರಬೇತಿ: ಯಾವುದನ್ನು ನೋಡಿ ಆರಿಸಿಕೊಳ್ಳಬೇಕು?

ಪ್ರಶ್ನೆ (ಹಾಸನದಿಂದ)

ನೇತ್ರವಿಜ್ಞಾನದಲ್ಲಿ ಎಂ.ಎಸ್. ಮುಗಿಸಿ ಹಾಸನದ ಸಣ್ಣ ಆಸ್ಪತ್ರೆಯೊಂದನ್ನು ಸೇರಿ ಎಂಟು ತಿಂಗಳಾಯಿತು. ವ್ಯಾಸಂಗದ ಮೂರು ವರ್ಷಗಳಲ್ಲಿ ನಾನು ಸಹಾಯಕನಾಗಿ ನಿಂತದ್ದೇ ಹೆಚ್ಚು. ಮೊದಲಿನಿಂದ ಕೊನೆಯವರೆಗೆ ನನ್ನ ಕೈಯಿಂದಲೇ ಆದ ಪೊರೆ ಶಸ್ತ್ರಚಿಕಿತ್ಸೆಗಳು ಬೆರಳೆಣಿಕೆಯಷ್ಟು. ಅರಕಲಗೂಡು, ಸಕಲೇಶಪುರದ ಹಳ್ಳಿಗಳಿಂದ ಬರುವ ಹಿರಿಯರಲ್ಲಿ ಹಲವರ ಪೊರೆ ಬಲಿತು, ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ. ಅಂಥವರನ್ನು ಬೆಂಗಳೂರಿಗೆ ಕಳುಹಿಸುವಾಗ ಮನಸ್ಸಿಗೆ ಬಹಳ ನೋವಾಗುತ್ತದೆ, ಏಕೆಂದರೆ ಅವರಲ್ಲಿ ಕೆಲವರು ಅಲ್ಲಿಗೆ ಹೋಗುವುದೇ ಇಲ್ಲ. ಒಂದೆರಡು ತಿಂಗಳು ರಜೆ ಪಡೆದು ತರಬೇತಿಗೆ ಹೋಗಬೇಕೆಂದಿದ್ದೇನೆ. ಮೊದಲು ಫೇಕೊ (ಅಲ್ಟ್ರಾಸೌಂಡ್ ಯಂತ್ರದಿಂದ ಪೊರೆಯನ್ನು ಒಡೆದು ಹೀರಿ ತೆಗೆಯುವ ವಿಧಾನ) ಕಲಿಯಲೇ ಅಥವಾ ಎಸ್‌ಐಸಿಎಸ್‌ನಲ್ಲಿ (ಸಣ್ಣ ಗಾಯದ ಮೂಲಕ ಕೈಯಿಂದಲೇ ಪೊರೆ ತೆಗೆಯುವ ವಿಧಾನ) ಕೈ ಪಳಗಿಸಿಕೊಳ್ಳಲೇ?

ಉತ್ತರ 1 (ಚಿಕ್ಕಮಗಳೂರಿನಿಂದ)

ನೀವು ವಿವರಿಸಿದಂಥ ರೋಗಿಗಳೇ ಎದುರಿಗಿರುವಾಗ ಮೊದಲು ಎಸ್‌ಐಸಿಎಸ್ ಅನ್ನೇ ಗಟ್ಟಿ ಮಾಡಿಕೊಳ್ಳಿ. ಬಿಳಿಗುಡ್ಡೆಯಲ್ಲಿ ಆರೇಳು ಮಿಲಿಮೀಟರಿನ ಸುರಂಗ ಮಾಡಿ, ಗಟ್ಟಿ ತಿರುಳನ್ನು ಇಡಿಯಾಗಿ ಹೊರತೆಗೆದು, ಹೊಲಿಗೆಯಿಲ್ಲದೆ ಮುಗಿಸುವ ಈ ವಿಧಾನಕ್ಕೆ ದುಬಾರಿ ಯಂತ್ರದ ಹಂಗಿಲ್ಲ. ನೇಪಾಳದಲ್ಲಿ ಎರಡೂ ವಿಧಾನಗಳನ್ನು ಹೋಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ನಂತರದ ದೃಷ್ಟಿಯ ಫಲಿತಾಂಶ ಹೆಚ್ಚುಕಡಿಮೆ ಸಮನಾಗಿತ್ತು. ಅಲ್ಲದೆ, ಮುಂದೆ ಫೇಕೊ ಮಾಡುವಾಗ ತಿರುಳು ಒಡೆಯದೆ ಹಟ ಹಿಡಿದರೆ ಗಾಯವನ್ನು ದೊಡ್ಡದು ಮಾಡಿ ಅದನ್ನು ಹೊರತೆಗೆಯುವ ಧೈರ್ಯ ಬರುವುದು ಈ ಅಭ್ಯಾಸದಿಂದಲೇ. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಮಧುರೈನಲ್ಲಿ 11 ಹಾಸಿಗೆಗಳೊಂದಿಗೆ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆಯಂಥ, ರೋಗಿಗಳ ಸಂಖ್ಯೆ ಬಹಳ ದೊಡ್ಡದಿರುವ ಕಡೆ ಕಲಿಕೆ ಬೇಗ ಆಗುತ್ತದೆ. ಆದರೂ ಹೆಸರೊಂದನ್ನೇ ನೋಡಿ ಹೋಗಬೇಡಿ.

ಉತ್ತರ 2 (ಹಾಸನದಿಂದ)

ಮೇಲಿನ ಕೊನೆಯ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ನಾನು ಹೋಗಿದ್ದ ಕೇಂದ್ರವೊಂದು ತಿಳಿಸಿದ್ದ ಸಂಖ್ಯೆಯಲ್ಲಿ, ನಾನು ಒಂದು ಹಂತವನ್ನಷ್ಟೇ ಮಾಡಿ ಪಕ್ಕಕ್ಕೆ ಸರಿದ ಕಣ್ಣುಗಳೂ ಎಣಿಕೆಗೆ ಸೇರಿದ್ದವು. ಆದ್ದರಿಂದ ಶುಲ್ಕ ಕಟ್ಟುವ ಮೊದಲೇ, ಸುರಂಗದಿಂದ ಮಸೂರ ಕೂರಿಸುವವರೆಗೆ ಪೂರ್ತಿಯಾಗಿ ನಿಮಗೆ ಬಿಟ್ಟುಕೊಡುವ ಕಣ್ಣುಗಳೆಷ್ಟು, ಆಗ ಪಕ್ಕದಲ್ಲಿ ಕುಳಿತು ಸಹಾಯಕ ಸೂಕ್ಷ್ಮದರ್ಶಕದಲ್ಲಿ ನೋಡುವವರು ಅನುಭವಿ ಶಿಕ್ಷಕರೇ ಅಥವಾ ನಿಮಗಿಂತ ಒಂದು ವರ್ಷ ಹಿರಿಯರಾದ, ಇನ್ನೂ ತರಬೇತಿಯಲ್ಲಿರುವ ಫೆಲೋಗಳೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಹಿಂಭಾಗದ ಕ್ಯಾಪ್ಸೂಲ್ (ಕಣ್ಣಿನ ಮಸೂರವನ್ನು ಸುತ್ತುವರಿದ ತೆಳುಪದರ) ಹರಿದಾಗ ಏನು ಮಾಡಬೇಕೆಂದು ಅವರು ಕಲಿಸುತ್ತಾರೆಯೇ ಎಂಬುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಗಾಬರಿಯಲ್ಲಿ ಉಪಕರಣವನ್ನು ಸರಕ್ಕನೆ ಹೊರಗೆಳೆಯಬಾರದು, ಮುಂದಕ್ಕೆ ಬಂದ ವಿಟ್ರಿಯಸ್ಸನ್ನು (ಕಣ್ಣಿನೊಳಗಿನ ಲೋಳೆಯಂಥ ವಸ್ತು) ಎಳೆಯದೆ, ಅದನ್ನು ಕತ್ತರಿಸಿ ಹೀರುವ ಉಪಕರಣವಾದ ವಿಟ್ರೆಕ್ಟರಿನಿಂದ ಕತ್ತರಿಸಬೇಕು, ಒಂದೇ ತುಂಡಿನ ಅಕ್ರಿಲಿಕ್ ಮಸೂರವನ್ನು ಸಲ್ಕಸ್‌ನಲ್ಲಿ (ಕ್ಯಾಪ್ಸೂಲಿನ ಮುಂದಿರುವ ಸಂದು) ಇಡಬಾರದು ಎಂಬುದನ್ನೆಲ್ಲ ಓದಿರುತ್ತೇವೆ. ಕೈಗೆ ಅದು ಬರುವುದು ಪಕ್ಕದಲ್ಲಿ ಒಬ್ಬರು ಶಾಂತವಾಗಿ ಹೇಳುತ್ತಿದ್ದಾಗ ಮಾತ್ರ.

ಉತ್ತರ 3 (ಚಿಕ್ಕಮಗಳೂರಿನಿಂದ)

ಪ್ರಾಣಿಗಳ ಕಣ್ಣಿನಲ್ಲಿ ಅಭ್ಯಾಸ ಮಾಡಿಸುವ ವೆಟ್‌ಲ್ಯಾಬ್ ಇದೆಯೇ ಎಂದೂ ವಿಚಾರಿಸಿ. ಸುರಂಗ ಮಾಡುವುದನ್ನು ಆಡಿನ ಕಣ್ಣಿನಲ್ಲಿ ಚೆನ್ನಾಗಿ ಅಭ್ಯಾಸ ಮಾಡಬಹುದು. ನಿಮ್ಮ ಶಸ್ತ್ರಚಿಕಿತ್ಸೆಗಳ ವಿಡಿಯೊ ಕೊಡುವ, ಅಂತರರಾಷ್ಟ್ರೀಯ ನೇತ್ರವಿಜ್ಞಾನ ಮಂಡಳಿಯ (ಐಸಿಒ) ಶಸ್ತ್ರಚಿಕಿತ್ಸಾ ಕೌಶಲ ಅಳೆಯುವ ಐಸಿಒ-ಆಸ್ಕರ್ ಮಾನದಂಡದಂತೆ ಹಂತಹಂತಕ್ಕೂ ಅಂಕ ಕೊಟ್ಟು ತಿದ್ದುವ ಕೇಂದ್ರ ಸಿಕ್ಕರೆ ಬಿಡಬೇಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಎಸ್‌ಐಸಿಎಸ್ ತರಬೇತಿಗೇ ಅರ್ಜಿ ಹಾಕುತ್ತೇನೆ; ಪೂರ್ಣ ಕಣ್ಣುಗಳ ಸಂಖ್ಯೆ, ಶಿಕ್ಷಕರು, ತೊಡಕು ನಿರ್ವಹಣೆ ಈ ಮೂರನ್ನು ಕುರಿತು ಎರಡು ಕೇಂದ್ರಗಳಿಗೆ ಇಂದೇ ಪತ್ರ ಬರೆಯುತ್ತಿದ್ದೇನೆ. ನಮ್ಮ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ವಿಟ್ರೆಕ್ಟರ್ ಇಲ್ಲವೆಂಬುದು ನಿಮ್ಮ ಮಾತು ಓದುವಾಗ ನೆನಪಾಯಿತು. ನಾನು ಹಿಂದಿರುಗುವಷ್ಟರಲ್ಲಿ ಅದನ್ನು ತರಿಸಿಡುವಂತೆ ಆಡಳಿತದವರನ್ನು ಕೇಳಿಕೊಂಡಿದ್ದೇನೆ.