ಪದಚರ್ಚೆ: ರೋಬಾಟ್ ಕಿಟ್‌ನ ‘ರನ್ನರ್’, ‘ಗೇಟ್’ಗೆ ಏನನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮ ಬಡಾವಣೆಯ 18 ಮಕ್ಕಳು ಪ್ಲಾಸ್ಟಿಕ್ ರೋಬಾಟ್ ಕಿಟ್ ಜೋಡಿಸಲು ಕೂರುತ್ತಾರೆ. ಜಪಾನಿನ ಬಂದಾಯ್ ಕಂಪನಿಯ ಗುಂಡಮ್ ಕಿಟ್, 1/144 ಅಳತೆ. ಗುಂಡಮ್ ಕಾರ್ಟೂನ್ ಕಥೆಯಲ್ಲಿ 18 ಮೀಟರ್ ಎತ್ತರದ ಯಂತ್ರ ಇಲ್ಲಿ 12.5 ಸೆಂಟಿಮೀಟರ್ ಆಗಿ ಮೇಜಿನ ಮೇಲೆ ನಿಲ್ಲುತ್ತದೆ. ಸೂಚನೆ ಪುಸ್ತಕ ಜಪಾನಿಯಲ್ಲಿದೆ. ಮಕ್ಕಳಿಗೆ ಒಂದು ಪುಟ ಕನ್ನಡದಲ್ಲಿ ಬರೆದು ಕೊಡುತ್ತಿದ್ದೇನೆ. ನಾಳೆ ಸಂಜೆ ಅದು ಜೆರಾಕ್ಸ್ ಅಂಗಡಿಗೆ ಹೋಗಬೇಕು.

ಕಿಟ್‌ನ ಭಾಗಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಪ್ಲಾಸ್ಟಿಕ್ ಕಡ್ಡಿಗಳ ಒಂದು ಚೌಕಕ್ಕೆ ಅಂಟಿಕೊಂಡು ಬರುತ್ತವೆ. ಆ ಚೌಕ ‘ರನ್ನರ್’. ಭಾಗವನ್ನು ಕಡ್ಡಿಗೆ ಹಿಡಿದಿಡುವ ಸಣ್ಣ ಕೊಂಡಿ ‘ಗೇಟ್’. ಯಂತ್ರಾನುವಾದಕ್ಕೆ ಹಾಕಿದರೆ ‘ಓಟಗಾರನಿಂದ ಭಾಗವನ್ನು ಬೇರ್ಪಡಿಸಿ, ಬಾಗಿಲನ್ನು ಕತ್ತರಿಸಿ’ ಅಂತ ಬಂತು. ಎಂಟು ವರ್ಷದ ಮಗುವಿಗೆ ಇದನ್ನು ಹೇಗೆ ಕೊಡಲಿ? ಇನ್ನೊಂದು ವಿಷಯ. ಗೇಟನ್ನು ಒಮ್ಮೆಗೇ ಬುಡಕ್ಕೆ ಕತ್ತರಿಸಿದರೆ ಅಲ್ಲಿ ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ. ಅದಕ್ಕೂ ಒಂದು ಮಾತು ಬೇಕು. ದಯವಿಟ್ಟು ಬೇಗ ಹೇಳಿ.

ಬೆಂಗಳೂರಿನಿಂದ

ರನ್ನರ್, ಗೇಟ್ ಅಂತಲೇ ಬರೆಯಿರಿ. ಪೀಣ್ಯದಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸದಲ್ಲೇ ನನ್ನ ಅರ್ಧ ಆಯುಸ್ಸು ಕಳೆದಿದೆ. ಬಿಸಿ ಪ್ಲಾಸ್ಟಿಕ್ ಸ್ಪ್ರೂ ಎಂಬ ಮುಖ್ಯ ನಾಳದಲ್ಲಿ ಇಳಿದು, ರನ್ನರಿನಲ್ಲಿ ಹರಿದು, ಗೇಟ್ ದಾಟಿ ಅಚ್ಚಿನೊಳಗೆ ಹೋಗುತ್ತದೆ. ನಿನ್ನೆ ಕೆಲಸಕ್ಕೆ ಸೇರಿದ ಹುಡುಗನೂ ಹೀಗೇ ಹೇಳುತ್ತಾನೆ. ಬೆಳಗಾವಿಯ ಫೌಂಡ್ರಿಗಳಲ್ಲಿ ಎರಕ ಹೊಯ್ಯುವವರ ಬಾಯಲ್ಲೂ ಇವೇ ಮಾತು. ದುಡಿಯುವವರು ದಿನಾ ಆಡುವ ಮಾತು ಕನ್ನಡವೇ. ಸುಮ್ನೆ ಹೊಸದು ಕಟ್ಟಬೇಡಿ.

ಧಾರವಾಡದಿಂದ

ಒಪ್ಪುವುದಿಲ್ಲ. ಕಾರ್ಖಾನೆಯಲ್ಲಿ ಹೇಳುತ್ತಾರೆ ಎಂಬುದು ಕಾರಣವಲ್ಲ.

ಮೊದಲು ‘ರೋಬಾಟ್’ ಬಿಡಿ. ಆ ಪದ ಬಂದದ್ದು ಚೆಕ್ ಲೇಖಕ ಕಾರೆಲ್ ಚಾಪೆಕ್‌ನ 1920ರ ನಾಟಕದಿಂದ. ಪದ ಸೂಚಿಸಿದ್ದು ಅವನ ಅಣ್ಣ ಯೋಸೆಫ್. ಚೆಕ್ ಭಾಷೆಯಲ್ಲಿ ‘ರೊಬೊತಾ’ ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ಮಾಡಿಕೊಡಬೇಕಾದ ದುಡಿಮೆ. ಅದು ನಮ್ಮ ‘ಬಿಟ್ಟಿ’ಯೇ. ಸಂಸ್ಕೃತದ ‘ವಿಷ್ಟಿ’ಯ ತದ್ಭವ. ನಮ್ಮ ಶಾಸನಗಳಲ್ಲಿ ಇರುವ ಪದ. ‘ಬಿಟ್ಟಿಯಾಳು’ ಎಂದರೆ ಮೂಲದ ಅರ್ಥ ಪೂರ್ತಿ ಬರುತ್ತದೆ. ‘ಯಂತ್ರಮಾನವ’ದಲ್ಲಿ ಆ ದುಡಿಮೆಯೇ ಇಲ್ಲ.

ಶಿರಸಿಯಿಂದ

ಮೇಷ್ಟ್ರೇ, ಅವರು ಕೇಳಿದ್ದು ಅದಲ್ಲ. ಇವತ್ತಿನ ಮಕ್ಕಳಿಗೆ ಬಿಟ್ಟಿ ಅಂದರೆ ಪುಕ್ಕಟೆ. ‘ಬಿಟ್ಟಿಯಾಳು ಕಿಟ್’ ಅಂತ ಬರೆದರೆ ಕಿಟ್ ಪುಕ್ಕಟೆ ಕೊಡುತ್ತಾರೆ ಅಂದುಕೊಳ್ಳುತ್ತಾರೆ. ಅಲ್ಲದೆ ಗುಂಡಮ್ ತಾನಾಗಿ ದುಡಿಯುವ ಆಳೇ ಅಲ್ಲ. ಒಳಗೆ ಮನುಷ್ಯ ಕೂತು ನಡೆಸುತ್ತಾನೆ.

ಮೈಸೂರಿನವರೇ, ಗೇಟಿಗೆ ‘ತೊಟ್ಟು’ ಅನ್ನಿ. ಕಾಯಿಯನ್ನು ರೆಂಬೆಗೆ ಹಿಡಿದಿಡುವುದೂ ತೊಟ್ಟೇ. ಕಾಯಿಗೆ ರಸ ಹೋಗುವುದು ಅದರ ಮೂಲಕ. ನಿಮ್ಮ ಭಾಗಕ್ಕೆ ಪ್ಲಾಸ್ಟಿಕ್ ಹರಿದುಹೋದದ್ದೂ ಅದರ ಮೂಲಕವೇ ಅಲ್ವಾ? ಬೆಂಗಳೂರಿನವರು ಬರೆದದ್ದನ್ನು ಓದುವಾಗಲೇ ನನಗೆ ಇದು ಹೊಳೆಯಿತು. ರನ್ನರಿಗೆ ‘ಕೊನೆ’ ಅನ್ನಿ, ನಮ್ಮಲ್ಲಿ ಅಡಿಕೆ ಕೊನೆ ಅನ್ನುವ ಹಾಗೆ. ಒಂದು ಕೊನೆಯಲ್ಲಿ ಎಷ್ಟೋ ಕಾಯಿ.

ಮೈಸೂರಿನಿಂದ

‘ತೊಟ್ಟು’ ಓದಿ ತುಂಬ ಖುಷಿಯಾಯಿತು. ನನ್ನ ಮಗಳಿಗೆ ರನ್ನರ್ ತೋರಿಸಿ ‘ಇದರ ತೊಟ್ಟು ಎಲ್ಲಿದೆ?’ ಅಂತ ಕೇಳಿದೆ. ಸರಿಯಾದ ಜಾಗದಲ್ಲೇ ಬೆರಳಿಟ್ಟಳು.

‘ಕೊನೆ’ ಆಗುವುದಿಲ್ಲ. ‘ಕೊನೆಯಿಂದ ಕತ್ತರಿಸಿ’ ಅಂದರೆ ನಮ್ಮ ಊರಿನ ಮಕ್ಕಳು ತುದಿ ಕತ್ತರಿಸುತ್ತಾರೆ. ಗುಂಡಮ್ ತಲೆಯ ಮೇಲೆ ಕೊಂಬಿನಂಥ ಚೂಪು ಆಂಟೆನಾ ಇದೆ. ಮೊದಲು ಹೋಗುವುದೇ ಅದು.

ಧಾರವಾಡದಿಂದ

‘ತೊಟ್ಟು’ ಸರಿ. ಆದರೆ ಶಿರಸಿಯವರು ಹೇಳಿದ ಕಾರಣ ಮೇಲುಮೇಲಿನದು. ತೊಡು, ತೊಟ್ಟು, ತೊಡುಗೆ, ತೊಡವು ಎಲ್ಲ ಒಂದೇ ಬೇರು. ಒಂದನ್ನು ಇನ್ನೊಂದು ತೊಟ್ಟುಕೊಳ್ಳುವ ಜಾಗವೇ ತೊಟ್ಟು.

ಬೆಂಗಳೂರಿನಿಂದ

ಇದು ಊಹೆ. ಕೇಳಲು ಒಂದೇ ಆದರೆ ಬೇರು ಒಂದಾಗುವುದಿಲ್ಲ. ‘ಒಂದು ತೊಟ್ಟು ನೀರು’ ಯಾವುದನ್ನು ತೊಟ್ಟಿದೆ?

ಈ ಇಮೇಲ್ ಪಟ್ಟಿಯಲ್ಲಿ ಯಾವಾಗಲೂ ಇದೇ ಆಗುತ್ತದೆ. ಕೈಗೆ ಮಸಿ ಹತ್ತದವರು ಕಾರ್ಖಾನೆಗೆ ಪದ ಕಟ್ಟುತ್ತಾರೆ. ಆ ಪದ ಕಾರ್ಖಾನೆಗೆ ಬರುವುದೇ ಇಲ್ಲ. ಜಪಾನಿಯರನ್ನೇ ನೋಡಿ. ಅವರು ಇಂಗ್ಲಿಷಿನ ಪದಗಳನ್ನು ಹಾಗೇ ಎತ್ತಿಕೊಂಡಿದ್ದಾರೆ. ಅವರ ಭಾಷೆಗೆ ಏನೂ ಆಗಿಲ್ಲ.

ಹಮಾಮಾತ್ಸುವಿನಿಂದ

ನಾನಿರುವುದು ಶಿಜುವೊಕಾ ಪ್ರಾಂತ್ಯದಲ್ಲಿ. ಈ ಕಿಟ್‌ಗಳ ತವರೇ ಇದು. ಬಂದಾಯ್‌ನ ಕಾರ್ಖಾನೆ ಶಿಜುವೊಕಾ ನಗರದಲ್ಲಿದೆ, ಇಂಥ ಕಿಟ್ ಮಾಡುವ ಇನ್ನೊಂದು ಕಂಪನಿ ತಾಮಿಯಾ ಕೂಡ ಅಲ್ಲಿಯದೇ. ಆ ನಗರದಲ್ಲಿ ಒಂದು ಅಂಚೆಪೆಟ್ಟಿಗೆಯನ್ನೇ ರನ್ನರಿನಲ್ಲಿ ಸಿಕ್ಕಿಸಿದ ಭಾಗಗಳ ಹಾಗೆ ನಿಲ್ಲಿಸಿದ್ದಾರೆ. ಮೊದಲ ಗುಂಡಮ್ ಕಿಟ್ 1980ರ ಜುಲೈನಲ್ಲಿ ಬಂತು. ಬೆಲೆ 300 ಯೆನ್.

ಬೆಂಗಳೂರಿನವರು ಹೇಳಿದ್ದು ಅರ್ಧ ನಿಜ. ಇಲ್ಲಿ ‘ರನ್ನಾ’, ‘ಗೇತೊ’, ‘ನಿಪ್ಪಾ’ (ಕತ್ತರಿಸುವ ಸಾಮಾನು, ನಿಪ್ಪರ್) ಅಂತಲೇ ಹೇಳುತ್ತಾರೆ. ವಸ್ತುಗಳ ಹೆಸರು ಎರವಲು. ಆದರೆ ಕೈ ಮಾಡುವ ಕೆಲಸಕ್ಕೆ ತಮ್ಮದೇ ಮಾತು ಇಟ್ಟುಕೊಂಡಿದ್ದಾರೆ. ಅಂಟು, ಬಣ್ಣ ಇಲ್ಲದೆ ಬರೀ ಒತ್ತಿ ಜೋಡಿಸುವುದಕ್ಕೆ ‘ಪಚಿಗುಮಿ’. ಭಾಗ ಕೂರುವಾಗ ಬರುವ ‘ಪಚಿ’ ಸದ್ದೇ ಅಲ್ಲಿ ಹೆಸರಾಗಿದೆ. ಗೆರೆಗಳಿಗೆ ಕಪ್ಪು ಇಳಿಸುವುದು ‘ಸುಮಿಇರೆ’. ಸುಮಿ ಅಂದರೆ ಬರೆಯುವ ಮಸಿ. ತೊಟ್ಟನ್ನು ಮೊದಲು ದೂರದಲ್ಲಿ, ಆಮೇಲೆ ಹತ್ತಿರದಲ್ಲಿ ಕತ್ತರಿಸುವುದು ‘ನಿದೊಗಿರಿ’, ಅಂದರೆ ಎರಡು ಸಲದ ಕತ್ತರಿಕೆ. ನಮ್ಮಲ್ಲೂ ‘ಟಕ್ಕನೆ ಕೂರಿಸು’ ಇದೆಯಲ್ಲ. ‘ಸ್ನ್ಯಾಪ್ ಫಿಟ್’ ಯಾಕೆ ಬೇಕು?

ಮೈಸೂರಿನವರೇ, ನಿಮ್ಮದು ಯಾವ ಕಿಟ್? ‘ಎಂಟ್ರಿ ಗ್ರೇಡ್’ ಆದರೆ ಅದಕ್ಕೆ ಕತ್ತರಿಸುವ ಸಾಮಾನೇ ಬೇಡ. ಕೈಯಿಂದಲೇ ಬಿಡಿಸಬಹುದು.

ಮೈಸೂರಿನಿಂದ

ಎರಡೂ ಇವೆ. ಚಿಕ್ಕವರಿಗೆ ಎಂಟ್ರಿ ಗ್ರೇಡ್, ದೊಡ್ಡವರಿಗೆ ಹೈ ಗ್ರೇಡ್. ಹಾಗಾದರೆ ಎರಡು ಥರದ ತೊಟ್ಟು ಆಯಿತು. ರನ್ನರ್ ಇನ್ನೂ ಬಗೆಹರಿದಿಲ್ಲ.

ಹಾವೇರಿಯಿಂದ

ತಂಗಿ, ನಾನು ಈ ಪಟ್ಟಿಯಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಇವತ್ತು ಬರೆಯಲೇಬೇಕು ಅನ್ನಿಸಿತು. ನಮ್ಮ ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವುದು ಹೆಣ್ಣುಮಕ್ಕಳ ಕೆಲಸ. ಮನೆಯಲ್ಲೂ ಮಾಡುತ್ತೇವೆ. ಒರಟಾಗಿ ಜಗ್ಗಿದರೆ ಕಾಯಿಯ ಹೆಗಲು ಕಿತ್ತು ಬೀಜ ಉದುರುತ್ತದೆ. ನಿನ್ನ ಕಿಟ್‌ನದೂ ಇದೇ ತೊಂದರೆ ಇರಬೇಕು. ಅದಕ್ಕೆ ದೊಡ್ಡವರ ಹಾಳೆಯಲ್ಲಿ ‘ತೊಟ್ಟು ಕೀಳಬೇಡಿ, ಕತ್ತರಿಸಿ’ ಅಂತ ಬರೆ. ಚಿಕ್ಕವರದಕ್ಕೆ ‘ತೊಟ್ಟು ಕಳಚಿ’. ಮಾಗಿದ ಹಣ್ಣು ತೊಟ್ಟು ಕಳಚುತ್ತದೆ ಅನ್ನುತ್ತೇವಲ್ಲ, ಅದಕ್ಕೆ ಕತ್ತಿ ಬೇಕಾಗುವುದಿಲ್ಲ.

ಪ್ಲಾಸ್ಟಿಕ್ ಬೆಳ್ಳಗಾಗುವುದಕ್ಕೆ ‘ಬಿಳಿಚಿಕೊಳ್ಳು’. ಹೆದರಿದ ಮುಖ ಬಿಳಿಚುತ್ತದೆ, ಒತ್ತಿದ ಪ್ಲಾಸ್ಟಿಕ್ಕೂ ಬಿಳಿಚುತ್ತದೆ.

ರನ್ನರಿನ ಹೆಸರನ್ನು ನೀನೇ ಮೊದಲ ಪತ್ರದಲ್ಲಿ ಬರೆದಿದ್ದೀಯ. ‘ಕಡ್ಡಿಗಳ ಚೌಕ’. ಕಡ್ಡಿಚೌಕ ಅನ್ನು.

ಧಾರವಾಡದಿಂದ

‘ಕಡ್ಡಿಚೌಕ’ ಅರಿಸಮಾಸ. ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸುವ ದೋಷ.

ಶಿರಸಿಯಿಂದ

ಅಲ್ಲ. ಚೌಕ ತದ್ಭವ. ತದ್ಭವದ ಜೊತೆ ಕನ್ನಡ ಪದ ಕೂಡಿದರೆ ದೋಷವಿಲ್ಲ. ಮೇಷ್ಟ್ರು ಬಿಟ್ಟಿಗೆ ಕೊಟ್ಟ ವಿನಾಯಿತಿ ಚೌಕಕ್ಕೂ ಸಿಗಬೇಕು.

ಬೆಂಗಳೂರಿನಿಂದ

ತೊಟ್ಟು, ಬಿಳಿಚು ಎರಡೂ ಒಪ್ಪಿದೆ. ಇವು ಕಟ್ಟಿದ ಪದಗಳಲ್ಲ, ಇದ್ದ ಪದಗಳು. ನನ್ನ ಜಗಳ ಕಟ್ಟುವುದರ ಮೇಲೆ. ರನ್ನರಿನ ಬಗ್ಗೆ ನನ್ನ ಮಾತು ಬದಲಾಗಿಲ್ಲ. ಮುಂದೆ ಈ ಮಕ್ಕಳಲ್ಲಿ ಯಾರಾದರೂ ಐಟಿಐ ಸೇರಿದರೆ ಅಲ್ಲಿ ಕೇಳುವುದು ರನ್ನರ್ ಅಂತಲೇ.

ಮೈಸೂರಿನಿಂದ

ಎಲ್ಲರಿಗೂ ಕೈಮುಗಿದೆ. ಜೆರಾಕ್ಸ್‌ಗೆ ಹೋಗುವ ಹಾಳೆ ಹೀಗಿದೆ:

‘ನಿಮ್ಮ ಪೆಟ್ಟಿಗೆಯಲ್ಲಿ ಕಡ್ಡಿಚೌಕಗಳಿವೆ. ಇದಕ್ಕೆ ರನ್ನರ್ ಅಂತಲೂ ಹೆಸರು. ಚೌಕದ ಮೇಲಿನ ಅಕ್ಷರ ನೋಡಿ, ಭಾಗದ ಪಕ್ಕದ ಅಂಕಿ ನೋಡಿ. ಪುಸ್ತಕದಲ್ಲಿ ಕೇಳಿದ ಭಾಗವನ್ನು ಮಾತ್ರ ಬಿಡಿಸಿ. ಎಲ್ಲವನ್ನೂ ಒಟ್ಟಿಗೆ ಬಿಡಿಸಬೇಡಿ, ಆಮೇಲೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ತೊಟ್ಟು ಕೀಳಬೇಡಿ. ಇಕ್ಕಳದಿಂದ ಮೊದಲು ದೂರದಲ್ಲಿ ಕತ್ತರಿಸಿ. ಆಮೇಲೆ ಉಳಿದ ತೊಟ್ಟನ್ನು ನಿಧಾನವಾಗಿ ಕತ್ತರಿಸಿ. ಒಮ್ಮೆಗೇ ಬುಡಕ್ಕೆ ಕತ್ತರಿಸಿದರೆ ಭಾಗ ಬಿಳಿಚಿಕೊಳ್ಳುತ್ತದೆ. ಗೂಟವನ್ನು ತೂತಿಗೆ ಸರಿಯಾಗಿ ಹಿಡಿದು ಒತ್ತಿ. ಟಕ್ಕನೆ ಕೂರಬೇಕು.’

ಚಿಕ್ಕವರ ಹಾಳೆಯಲ್ಲಿ ಇಕ್ಕಳದ ಸಾಲುಗಳಿಲ್ಲ. ಅಲ್ಲಿ ‘ಭಾಗವನ್ನು ಮೆಲ್ಲಗೆ ತಿರುಗಿಸಿ, ತೊಟ್ಟು ಕಳಚುತ್ತದೆ’ ಅಂತಿದೆ.

ಧಾರವಾಡದಿಂದ

ಹಾಳೆ ಚೆನ್ನಾಗಿದೆ. ಒಂದು ತಪ್ಪಿದೆ. ಇಕ್ಕಳ ಹಿಡಿಯುತ್ತದೆ, ಕತ್ತರಿಸುವುದಿಲ್ಲ.

ಮೈಸೂರಿನಿಂದ

ಸರಿ ಮೇಷ್ಟ್ರೇ. ‘ಕಟರ್’ ಅಂತ ತಿದ್ದಿದ್ದೇನೆ. ಅಂಗಡಿಯವರು ಕಾಯುತ್ತಿದ್ದಾರೆ, ಹೊರಟೆ.