ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ 1975ರಲ್ಲಿ ಸತ್ತ ಮೇಲೆ ಅವನ ಮಂತ್ರಿಗಳಿಗೆ ಏನಾಯಿತು?

ಪ್ರಶ್ನೆ: ಸರ್ವಾಧಿಕಾರಿಗೆ ಜೈ ಅಂದವರೆಲ್ಲ ಕೊನೆಗೆ ಜೈಲು ಸೇರುತ್ತಾರೆ ಅಂದುಕೊಂಡಿದ್ದೆ. ಆದರೆ ಫ್ರಾಂಕೋ ಸಂಪುಟದಲ್ಲಿದ್ದ ಮಾನ್ಯುಯೆಲ್ ಫ್ರಾಗಾ 2005ರವರೆಗೂ ಗಲಿಸಿಯಾ ಪ್ರಾಂತ್ಯದ ಅಧ್ಯಕ್ಷರಾಗಿದ್ದರಂತೆ. ಯಾವ ಕಾನೂನೂ ಅಡ್ಡ ಬರಲಿಲ್ಲವೇ?

ಉತ್ತರ 1: ಕಾನೂನು ಮಾಡುವ ಕುರ್ಚಿಯಲ್ಲಿ ಕೂತವರೇ ಅವರು, ಅಡ್ಡ ಬರುವುದೆಲ್ಲಿಂದ! 1976ರ ಜುಲೈನಲ್ಲಿ ಪ್ರಧಾನಿಯಾದ ಅಡಾಲ್ಫೊ ಸುವಾರೆಸ್ ಅದಕ್ಕೆ ಮೊದಲು ಫ್ರಾಂಕೋನ ಏಕೈಕ ಪಕ್ಷದ ಪ್ರಧಾನ ಕಾರ್ಯದರ್ಶಿ. ಆ ವರ್ಷ ನವೆಂಬರ್ 18ರಂದು ಹಳೆಯ ಸಂಸತ್ತು ತನ್ನನ್ನೇ ಮುಚ್ಚುವ ಮಸೂದೆಗೆ 425–59 ಮತಗಳಿಂದ ಒಪ್ಪಿತು. ಒಪ್ಪಿದವರು ಬರಿಗೈಯಲ್ಲಿ ಹೋಗಲಿಲ್ಲ: ಚುನಾವಣೆಗೆ ನಿಲ್ಲಲು ಅವರಿಗೆ ನಿರ್ಬಂಧವಿರಲಿಲ್ಲ, ಮೇಲ್ಮನೆಯ 41 ಸ್ಥಾನಗಳನ್ನು ಫ್ರಾಂಕೋ ನಂತರ ಪಟ್ಟಕ್ಕೇರಿದ ದೊರೆಯೇ ತುಂಬಿದ. ಫ್ರಾಗಾ ಸಂವಿಧಾನದ ಕರಡು ಬರೆದ ಏಳು ಜನರಲ್ಲಿ ಒಬ್ಬರು. ಅವರಿಗೆ ತಡೆಯೊಡ್ಡಿದ್ದು ಮತದಾರರು ಮಾತ್ರ. 1977ರಲ್ಲಿ ಅವರ ಪಕ್ಷಕ್ಕೆ 350ರಲ್ಲಿ 16 ಸ್ಥಾನ. ಪ್ರಧಾನಿ ಪಟ್ಟ ಕೊನೆಯವರೆಗೂ ಸಿಗಲಿಲ್ಲ.

ಉತ್ತರ 2: 1977ರ ಅಕ್ಟೋಬರಿನ ಕ್ಷಮಾದಾನ ಕಾಯ್ದೆಯನ್ನೂ ಸೇರಿಸಿ. ತಮ್ಮ ಕೈದಿಗಳು ಹೊರಬರಲಿ ಎಂದು ಅದನ್ನು ಒತ್ತಾಯಿಸಿದ್ದು ಎಡಪಕ್ಷಗಳೇ. ಆದರೆ 2ನೇ ವಿಧಿಯಲ್ಲಿ ಜನರ ಹಕ್ಕು ತುಳಿದ ಅಧಿಕಾರಿಗಳಿಗೂ ಪೊಲೀಸರಿಗೂ ಮಾಫಿ ಸಿಕ್ಕಿಬಿಟ್ಟಿತು. 2008ರಲ್ಲಿ ಫ್ರಾಂಕೋ ಕಾಲದ ಕೊಲೆಗಳ ತನಿಖೆಗೆ ಕೈಹಾಕಿದ ನ್ಯಾಯಾಧೀಶ ಗಾರ್ಥೋನ್ ಈ ಕ್ಷಮಾದಾನವನ್ನು ಮೀರಿದರೆಂದು ತಾವೇ ಆರೋಪಿಯಾಗಿ ನಿಲ್ಲಬೇಕಾಯಿತು. 2012ರಲ್ಲಿ ಆ ಪ್ರಕರಣದಿಂದ ಖುಲಾಸೆಯಾದರು.

ಪ್ರಶ್ನೆ ಕೇಳಿದವರು: ಹಾಗಾದರೆ ನಿರ್ಬಂಧದ ಕಾಯ್ದೆ ಎಲ್ಲಾದರೂ ಇತ್ತೇ?

ಉತ್ತರ 3: ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ಚೆಕೊಸ್ಲೊವಾಕಿಯಾ ತಂದ 1991ರ 451ನೇ ಕಾಯ್ದೆ ನೋಡಿ. ದೊಡ್ಡ ಸರ್ಕಾರಿ ಹುದ್ದೆಗೆ ಹೋಗುವವರು ಗೃಹ ಸಚಿವಾಲಯದಿಂದ ಪ್ರಮಾಣಪತ್ರ ತರಬೇಕು. ಹಳೆಯ ಆಡಳಿತದ ಗುಪ್ತಚರ ಪೊಲೀಸರ ದಫ್ತರಿನಲ್ಲಿ ಹೆಸರಿದ್ದರೆ ಅಥವಾ ಕಮ್ಯುನಿಸ್ಟ್ ಪಕ್ಷದಲ್ಲಿ ಜಿಲ್ಲಾ ಮಟ್ಟದ ಕಾರ್ಯದರ್ಶಿಯಾಗಿದ್ದರೆ ಹುದ್ದೆ ಇಲ್ಲ. ಐದು ವರ್ಷಕ್ಕೆಂದು ತಂದ ಕಾಯ್ದೆ ಆಮೇಲೆ ವಿಸ್ತರಣೆಯಾಗುತ್ತಲೇ ಹೋಯಿತು.

ಎಡವಿದ್ದು ಎರಡು ಕಡೆ. ದಫ್ತರು ಬರೆದವರು ಗುಪ್ತಚರರೇ. ಅಲ್ಲಿ ಹೆಸರಿದ್ದ ಮಾತ್ರಕ್ಕೆ ಅವರ ಪರ ಕೆಲಸ ಮಾಡಿದ್ದಾರೆಂದು ಹೇಗೆ ಹೇಳುವುದು? ರಾಜಕಾರಣಿ ಯಾನ್ ಕವಾನ್ ಮೇಲೆ 1991ರಲ್ಲಿ ಅಂಥದೇ ಆರೋಪ ಬಂತು, 1996ರಲ್ಲಿ ನ್ಯಾಯಾಲಯ ಅವರನ್ನು ದೋಷಮುಕ್ತರೆಂದಿತು, 1998ರಲ್ಲಿ ವಿದೇಶಾಂಗ ಸಚಿವರಾದರು. ಇನ್ನೊಂದು, ಕಾಯ್ದೆ ಅನ್ವಯವಾಗುತ್ತಿದ್ದುದು ನೇಮಕದ ಹುದ್ದೆಗಳಿಗೆ. ಜನರಿಂದ ಆರಿಸಿ ಬರುವ ಸಂಸದರಿಗೆ ಪ್ರಮಾಣಪತ್ರ ಬೇಕಿರಲಿಲ್ಲ. ಹಾಗಾಗಿ ಗುಮಾಸ್ತರ ಮೇಲಿನ ಸಾಹೇಬ ಮನೆಗೆ ಹೋದ, ಮತ ಗಳಿಸಬಲ್ಲ ಹಳೆಯ ಪಕ್ಷದವನು ಸಂಸತ್ತಿಗೆ ಬಂದ.